ಸಾವಿರ ಡಿಗ್ರಿಯಿಂದ ಇಳಿದು ಬಂದ ದಾರಿ

1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ ಜರ್ಮನಿಯ ಎಇಜಿ ಕಂಪನಿಯ ಮಂಟಪ 800 ಹೊಸ ಬಗೆಯ ವಿದ್ಯುದ್ದೀಪಗಳಿಂದ ಬೆಳಗುತ್ತಿತ್ತು. ಆಗ ಬಳಕೆಯಲ್ಲಿದ್ದ ಎಡಿಸನ್ ದೀಪದೊಳಗೆ ಇಂಗಾಲದ ಎಳೆಯಿರುತ್ತಿತ್ತು. ಅದು ಸುಟ್ಟುಹೋಗದಂತೆ ಬುರುಡೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕಿತ್ತು. ಹೊಸ ದೀಪಕ್ಕೆ ಆ ಗೊಡವೆ ಇರಲಿಲ್ಲ. ಪಿಂಗಾಣಿಯ ಜಾತಿಗೆ ಸೇರಿದ ಪುಟ್ಟ ಬಿಳಿ ಕಡ್ಡಿಯೊಂದು ಬಯಲು ಗಾಳಿಯಲ್ಲೇ ಕಾದು ಪ್ರಖರವಾದ ಬಿಳಿ ಬೆಳಕು ಚೆಲ್ಲುತ್ತಿತ್ತು. ಅದನ್ನು ರೂಪಿಸಿದವರು ಗಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಾಲ್ಟರ್ ನೆರ್ನ್ಸ್ಟ್. ಮುಂದೆ 1920ರ ರಸಾಯನವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ಆದರೆ ಅದಕ್ಕೆ ಬಹಳ ಮುಂಚೆಯೇ ಈ ದೀಪದ ಹಕ್ಕನ್ನು ಎಇಜಿಗೆ ಮಾರಿ ಅವರು ಸಿರಿವಂತರಾಗಿದ್ದರು.

ಆ ಕಡ್ಡಿಯಲ್ಲಿದ್ದದ್ದು 85 ಪಾಲು ಜಿರ್ಕೋನಿಯಂ ಆಕ್ಸೈಡ್ (ಜಿರ್ಕೋನಿಯಾ), 15 ಪಾಲು ಯಿಟ್ರಿಯಂ ಆಕ್ಸೈಡ್ (ಯಿಟ್ರಿಯಾ). ತಣ್ಣಗಿರುವಾಗ ಅದು ವಿದ್ಯುತ್ತಿಗೆ ದಾರಿಯನ್ನೇ ಕೊಡುವುದಿಲ್ಲ. ಮೊದಲು ಹೊರಗಿನಿಂದ ಕಾಯಿಸಬೇಕು, ಕೆಂಪಗಾದ ಮೇಲೆ ವಿದ್ಯುತ್ ಹರಿಯತೊಡಗುತ್ತದೆ, ಆಮೇಲೆ ತನ್ನ ಕಾವನ್ನು ತಾನೇ ಕಾಪಾಡಿಕೊಳ್ಳುತ್ತದೆ. ಆರಂಭದಲ್ಲಿ ಬೆಂಕಿಕಡ್ಡಿ ಗೀರಿ ಕಾಯಿಸುತ್ತಿದ್ದರು. ಬಳಿಕ ಪ್ಲಾಟಿನಂ ತಂತಿಯ ಹೀಟರ್ ಬಂತು. ಆದರೂ ಗುಂಡಿ ಒತ್ತಿದವರು ಬೆಳಕಿಗಾಗಿ ಕಾಯುತ್ತ ನಿಲ್ಲಬೇಕಿತ್ತು. ಟಂಗ್‌ಸ್ಟನ್ ಎಳೆಯ ದೀಪ ಬಂದದ್ದೇ ನೆರ್ನ್ಸ್ಟ್ ದೀಪ ಮೂಲೆ ಸೇರಿತು.

ದೀಪ ಹೋದರೂ ಅದರ ಗುಟ್ಟು ಉಳಿಯಿತು. ಲೋಹದ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನು. ಈ ಕಡ್ಡಿಯಲ್ಲಿ ಸಾಗುತ್ತಿದ್ದದ್ದು ಆಕ್ಸಿಜನ್ ಅಯಾನು. ಕಲ್ಲಿನಷ್ಟು ಗಟ್ಟಿಯಾದ ವಸ್ತುವಿನೊಳಗೆ ಆಕ್ಸಿಜನ್ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುತ್ತಿತ್ತು. ಇಂಧನವನ್ನು ಸುಡದೆ ನೇರವಾಗಿ ವಿದ್ಯುತ್ತಾಗಿಸುವ ಘನ ಆಕ್ಸೈಡ್ ಇಂಧನ ಕೋಶದ ಬೀಜವೆಲ್ಲ ಇಷ್ಟರಲ್ಲೇ ಇದೆ. ಅದರ ಸಂಕಟವೂ ಇಷ್ಟರಲ್ಲೇ ಇದೆ: ಅಯಾನು ನಡೆಯಲು ಕಾವು ಬೇಕು, ಕಾವು ಏರಿದಷ್ಟೂ ಸುತ್ತಲಿನ ಸಾಮಾನು ಬೇಗ ಹಾಳಾಗುತ್ತದೆ. ಮುಂದಿನ ನೂರಿಪ್ಪತ್ತೈದು ವರ್ಷಗಳಲ್ಲಿ ಆ ಬಿಳಿ ವಸ್ತು ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಅದರ ದಪ್ಪ, ಅದರ ನೆರೆಹೊರೆ, ಅದು ಕೆಲಸ ಮಾಡುವ ಉಷ್ಣತೆ. ಕೋಶದ ಬೆಲೆ ಮತ್ತು ಬಾಳಿಕೆ ಎರಡೂ ಆ ಕಾವಿಗೇ ಕಟ್ಟುಬಿದ್ದಿದ್ದವು. ಒಂದನ್ನು ಹಿಡಿದೆಳೆದರೆ ಇನ್ನೊಂದು ಕೈತಪ್ಪುತ್ತಿತ್ತು. ಈ ಎಳೆದಾಟವೇ ಈ ತಂತ್ರಜ್ಞಾನದ ನಿಜವಾದ ಚರಿತ್ರೆ ಎಂಬುದು ನನ್ನ ಎಣಿಕೆ.

ಇಂಧನ ಕೋಶದ ಕಲ್ಪನೆ ನೆರ್ನ್ಸ್ಟ್‌ಗಿಂತ ಹಳೆಯದು. ವೇಲ್ಸ್‌ನ ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ಹೈಡ್ರೋಜನ್ ಮತ್ತು ಆಕ್ಸಿಜನ್ನಿನಿಂದ ನೇರವಾಗಿ ವಿದ್ಯುತ್ ಪಡೆಯುವುದನ್ನು ತೋರಿಸಿದ್ದರು. ಆದರೆ ಹತ್ತೊಂಬತ್ತನೆಯ ಶತಮಾನದ ಕಣ್ಣಿದ್ದದ್ದು ಕಲ್ಲಿದ್ದಲಿನ ಮೇಲೆ. ಅದನ್ನು ಸುಟ್ಟು, ಹಬೆ ಎಬ್ಬಿಸಿ, ಚಕ್ರ ತಿರುಗಿಸಿ ವಿದ್ಯುತ್ ಪಡೆಯುವ ಹೊತ್ತಿಗೆ ಕಲ್ಲಿದ್ದಲಿನ ಬಹುಪಾಲು ಶಕ್ತಿ ಬಿಸಿಯಾಗಿ ಪೋಲಾಗುತ್ತಿತ್ತು. ಸುಡುವ ಗೋಜಿಲ್ಲದೆ ಕಲ್ಲಿದ್ದಲಿನಿಂದ ನೇರವಾಗಿ ವಿದ್ಯುತ್ ತೆಗೆಯುವ ದಾರಿ ಹುಡುಕಬೇಕೆಂದು ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1894ರಲ್ಲಿ ಜರ್ಮನಿಯ ವಿದ್ಯುತ್ ರಸಾಯನತಜ್ಞರ ಮುಂದೆ ಒತ್ತಾಯಿಸಿದರು. ಎರಡೇ ವರ್ಷದಲ್ಲಿ ಅಮೆರಿಕದ ವಿಲಿಯಂ ಜಾಕ್ವೆಸ್, ಕರಗಿದ ಕಾಸ್ಟಿಕ್ ಸೋಡಾದಲ್ಲಿ ಇಂಗಾಲದ ಕಡ್ಡಿ ಅದ್ದಿ, ಗಾಳಿ ಊದಿ ವಿದ್ಯುತ್ ತೆಗೆದು ಹೆಸರಾದರು. ಕೆಲಸ ನಡೆದಂತೆಲ್ಲ ಸೋಡಾವೇ ಕಾರ್ಬೊನೇಟಾಗಿ ಖರ್ಚಾಗುತ್ತ ಹೋದ್ದರಿಂದ ಆ ಯತ್ನ ಅಲ್ಲಿಗೇ ನಿಂತಿತು.

ಜ್ಯೂರಿಕ್‌ನ ಎಮಿಲ್ ಬಾವರ್ ದಶಕಗಳ ಕಾಲ ಇಂಥ ಕರಗಿದ ಲವಣಗಳ ಜೊತೆ ಹೆಣಗಿದವರು. ಅವು ಸೋರುತ್ತಿದ್ದವು, ಪಾತ್ರೆಯನ್ನೇ ತಿನ್ನುತ್ತಿದ್ದವು. ಕೊನೆಗೆ ಅವರು ನೆರ್ನ್ಸ್ಟರ ಕಡ್ಡಿಯತ್ತ ತಿರುಗಿದರು. 1937ರಲ್ಲಿ ಹನ್ಸ್ ಪ್ರೈಸ್ ಜೊತೆಗೂಡಿ ಜಿರ್ಕೋನಿಯಾದ ಕೊಳವೆಯಾಕಾರದ ಮೂಸೆಗಳನ್ನು ತೆಗೆದುಕೊಂಡು, ಒಂದು ಬದಿಗೆ ಕೋಕ್, ಇನ್ನೊಂದು ಬದಿಗೆ ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ನಟೈಟ್ ಇಟ್ಟು, ಸಾವಿರ ಡಿಗ್ರಿಯ ಆಚೀಚೆ ಕಾಯಿಸಿ ವಿದ್ಯುತ್ ಪಡೆದರು. ಜಗತ್ತಿನ ಮೊದಲ ಘನ ಆಕ್ಸೈಡ್ ಇಂಧನ ಕೋಶ ಅದೇ. ಎಂಟು ಕೋಶಗಳನ್ನು ಸೇರಿಸಿ ಬ್ಯಾಟರಿಯನ್ನೂ ಕಟ್ಟಿದರು. ಬಂದ ವಿದ್ಯುತ್ ತೀರ ಕಡಿಮೆಯಿತ್ತು, ಕೊಳವೆಯ ದಪ್ಪ ಗೋಡೆ ಅಯಾನುಗಳನ್ನು ತಡೆಯುತ್ತಿತ್ತು. ಆದರೂ ಬಾವರ್ ಮತ್ತು ಪ್ರೈಸ್ ಹಾಕಿಕೊಟ್ಟ ಮೂಲ ವಿನ್ಯಾಸವೇ ಇಂದಿಗೂ ನಡೆದಿದೆ: ಗಾಳಿಯ ಬದಿಗೊಂದು ವಿದ್ಯುದ್ವಾರ, ಇಂಧನದ ಬದಿಗೊಂದು, ನಡುವೆ ಆಕ್ಸಿಜನ್ನನ್ನು ಮಾತ್ರ ದಾಟಿಸುವ, ಎಲೆಕ್ಟ್ರೋಲೈಟ್ ಎಂಬ ಗಟ್ಟಿ ಗೋಡೆ.

ಆಕ್ಸಿಜನ್ ಹೇಗೆ ದಾಟುತ್ತದೆ ಎಂಬುದನ್ನು ಬಿಡಿಸಿದವರು ಕಾರ್ಲ್ ವಾಗ್ನರ್, 1943ರಲ್ಲಿ. ಜಿರ್ಕೋನಿಯಂ ಅಯಾನಿನ ಮೇಲೆ ನಾಲ್ಕು ಧನ ಆವೇಶ, ಯಿಟ್ರಿಯಂ ಅಯಾನಿನ ಮೇಲೆ ಮೂರು. ಹರಳಿನೊಳಗೆ ಎರಡು ಜಿರ್ಕೋನಿಯಂ ಜಾಗದಲ್ಲಿ ಎರಡು ಯಿಟ್ರಿಯಂ ಬಂದು ಕೂತರೆ, ಲೆಕ್ಕ ಸರಿದೂಗಲು ಒಂದು ಆಕ್ಸಿಜನ್ನಿನ ಜಾಗ ಖಾಲಿ ಬೀಳಲೇಬೇಕು. ಪಕ್ಕದ ಆಕ್ಸಿಜನ್ ಆ ಖಾಲಿ ಜಾಗಕ್ಕೆ ಜಿಗಿಯುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಮತ್ತೊಂದು. ಕಾವು ಈ ಜಿಗಿತಕ್ಕೆ ಬೇಕಾದ ಬಲ ಒದಗಿಸುತ್ತದೆ. ಯಿಟ್ರಿಯಾದಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಶುದ್ಧ ಜಿರ್ಕೋನಿಯಾ ಸುಮಾರು 1,170 ಡಿಗ್ರಿಯಲ್ಲಿ ತನ್ನ ಹರಳಿನ ರಚನೆಯನ್ನೇ ಬದಲಿಸುತ್ತದೆ, ತಣಿಯುವಾಗ ಮತ್ತೆ ಹಿಗ್ಗಿ ಚೂರುಚೂರಾಗುತ್ತದೆ. ಯಿಟ್ರಿಯಾ ಬೆರೆತರೆ ಹರಳು ಒಂದೇ ರೂಪದಲ್ಲಿ ನಿಲ್ಲುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆಲಸ ಅಟ್ಲಾಂಟಿಕ್ ದಾಟಿ ಪಿಟ್ಸ್‌ಬರ್ಗಿಗೆ ಬಂತು. ಅದೇ ಊರಿನಲ್ಲಿ 1901ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಅಮೆರಿಕದ ಹಕ್ಕು ಕೊಂಡು ನೆರ್ನ್ಸ್ಟ್ ದೀಪದ ಕಂಪನಿ ತೆರೆದಿದ್ದರು. ಆರು ದಶಕದ ಬಳಿಕ ವೆಸ್ಟಿಂಗ್‌ಹೌಸ್ ಸಂಶೋಧನಾಲಯದಲ್ಲಿ ಜೋಸೆಫ್ ವೈಸ್‌ಬಾರ್ಟ್ ಮತ್ತು ರೋಸ್‌ವೆಲ್ ರುಕ, ಕ್ಯಾಲ್ಸಿಯಂ ಆಕ್ಸೈಡ್ ಬೆರೆಸಿದ ಜಿರ್ಕೋನಿಯಾಕ್ಕೆ ಪ್ಲಾಟಿನಂ ವಿದ್ಯುದ್ವಾರ ಹಚ್ಚಿ ಎರಡು ಕೆಲಸ ಮಾಡಿದರು. 1961ರಲ್ಲಿ ಆಕ್ಸಿಜನ್ ಅಳೆಯುವ ಸಾಧನವನ್ನು ಪ್ರಕಟಿಸಿದರು, 1962ರಲ್ಲಿ ಇಂಧನ ಕೋಶವನ್ನು. ಎರಡರ ಒಳಗೂ ಇದ್ದದ್ದು ಒಂದೇ ತತ್ವ. ಅಳೆಯುವ ಸಾಧನದ ಕುಲ ಬೇಗ ಲೋಕ ಸುತ್ತಿತು. ಬಾಷ್ ಕಂಪನಿಯ ಜಿರ್ಕೋನಿಯಾ ಸೆನ್ಸರ್ 1976ರಲ್ಲಿ ವೋಲ್ವೋ ಕಾರುಗಳ ಹೊಗೆಕೊಳವೆ ಸೇರಿತು. ಇಂದು ನಮ್ಮ ರಸ್ತೆಗಳ ಬಿಎಸ್-6 ಕಾರು, ಬೈಕುಗಳ ಆಕ್ಸಿಜನ್ ಸೆನ್ಸರ್ ಅದರ ವಂಶಸ್ಥ. ಹೆಬ್ಬೆರಳಿನ ಗಾತ್ರದ ಸೆನ್ಸರ್ ಕೆಲವೇ ಡಾಲರಿಗೆ ಸಿಗುವಂತಾಗಿ, ಅದರ ಒಡಹುಟ್ಟಿದ ಇಂಧನ ಕೋಶ ಇನ್ನೂ ದುಬಾರಿಯಾಗಿ ಉಳಿದದ್ದೇಕೆ? ಸೆನ್ಸರ್ ಸಂಕೇತ ಕೊಟ್ಟರೆ ಸಾಕು. ಕೋಶವಾದರೋ ಹಗಲಿರುಳು ಆಂಪಿಯರ್‌ಗಟ್ಟಲೆ ವಿದ್ಯುತ್ ಹೊರಬೇಕು. ಅದಕ್ಕೆ ಹತ್ತಾರು, ನೂರಾರು ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ನಿಲ್ಲಬೇಕು.

ಬೆಸೆಯುವುದೇ ಕಷ್ಟದ ಕೆಲಸ. ಒಂದು ಮೀಟರ್ ಉದ್ದದ ಜಿರ್ಕೋನಿಯಾ ಸಾವಿರ ಡಿಗ್ರಿ ಕಾದರೆ ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ. ನಿಕ್ಕಲ್ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ಬಿದ್ದಾಗ ಚಟ್ಟನೆ ಸೀಳುವಂತೆ, ಒಂದು ಪದರ ಇನ್ನೊಂದರ ಜೊತೆ ಹಿಗ್ಗದೆ ಕುಗ್ಗದೆ ಹೋದರೆ ಕೋಶ ಸೀಳುತ್ತದೆ. ಜನರಲ್ ಎಲೆಕ್ಟ್ರಿಕ್‌ನ ಎಚ್. ಎಸ್. ಸ್ಪಾಸಿಲ್ 1964ರಲ್ಲಿ ಪೇಟೆಂಟಿಗೆ ಹಾಕಿದ ಉಪಾಯ ಇಂದಿಗೂ ಉಳಿದಿದೆ. ಇಂಧನದ ಬದಿಯ ವಿದ್ಯುದ್ವಾರವಾದ ಆನೋಡಿಗೆ ಬರೀ ನಿಕ್ಕಲ್ ಬಳಸದೆ, ನಿಕ್ಕಲ್ ಮತ್ತು ಜಿರ್ಕೋನಿಯಾ ಪುಡಿ ಬೆರೆಸಿ ರಂಧ್ರಮಯ ಪದರ ಮಾಡಿದರೆ ಹಿಗ್ಗುವಿಕೆ ಹೊಂದುತ್ತದೆ, ನಿಕ್ಕಲ್ ಕಣಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟುವುದೂ ತಡವಾಗುತ್ತದೆ. ಗಾಳಿಯ ಬದಿಯ ಪ್ಲಾಟಿನಂ ಜಾಗಕ್ಕೆ ಲ್ಯಾಂಥನಂ ಮ್ಯಾಂಗನೈಟ್ ಬಂತು. ಬೆಲೆಯ ಮೊದಲ ದೊಡ್ಡ ಹೊರೆ ಇಳಿದದ್ದು ಆಗ.

ವೆಸ್ಟಿಂಗ್‌ಹೌಸ್ ಹಿಡಿದದ್ದು ಬಾಳಿಕೆಯ ದಾರಿ. ಚಪ್ಪಟೆ ಕೋಶಗಳ ಅಂಚನ್ನು ಸಾವಿರ ಡಿಗ್ರಿಯಲ್ಲಿ ಗಾಳಿಯಾಡದಂತೆ ಮುಚ್ಚುವುದು ಆಗದ ಮಾತು ಎಂದು ಅಲ್ಲಿನ ಎಂಜಿನಿಯರುಗಳು ಒಂದು ಬದಿ ಮುಚ್ಚಿದ ಉದ್ದ ಕೊಳವೆಗಳನ್ನು ಆರಿಸಿಕೊಂಡರು. ಗಾಳಿ ಕೊಳವೆಯೊಳಗೆ, ಇಂಧನ ಹೊರಗೆ. ತುದಿಯಲ್ಲಿ ಬಿಗಿಯಾದ ಮುಚ್ಚಳದ ಅಗತ್ಯವೇ ಇಲ್ಲ. 1970ರ ದಶಕದ ಕೊನೆಗೆ ಆರ್ನಲ್ಡ್ ಐಸೆನ್‌ಬರ್ಗ್ ಅದಕ್ಕೆ ತಕ್ಕ ಬಹು ಜಾಣ ವಿಧಾನವೊಂದನ್ನು ರೂಪಿಸಿದರು. ರಂಧ್ರಮಯ ಕೊಳವೆಯ ಒಂದು ಬದಿಯಿಂದ ಜಿರ್ಕೋನಿಯಂ ಮತ್ತು ಯಿಟ್ರಿಯಂ ಕ್ಲೋರೈಡುಗಳ ಆವಿ, ಇನ್ನೊಂದು ಬದಿಯಿಂದ ಆಕ್ಸಿಜನ್. ಎರಡೂ ಸಂಧಿಸಿದಲ್ಲಿ ಆಕ್ಸೈಡ್ ಹುಟ್ಟಿ ರಂಧ್ರ ಮುಚ್ಚುತ್ತದೆ. ಮುಚ್ಚಿದ ಮೇಲೂ ಬೆಳವಣಿಗೆ ನಿಲ್ಲದು, ಏಕೆಂದರೆ ಆ ಪದರದ ಮೂಲಕವೇ ಆಕ್ಸಿಜನ್ ಅಯಾನು ದಾಟಿ ಆಚೆಯ ಆವಿಯನ್ನು ಸೇರುತ್ತದೆ. ಕೋಶ ಮುಂದೆ ಮಾಡಬೇಕಾದ ಕೆಲಸವನ್ನೇ ಮಾಡುತ್ತ ಕೋಶ ತಯಾರಾಗುವುದನ್ನು ಓದಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಹೀಗೆ ಬೆಳೆದ ಎಲೆಕ್ಟ್ರೋಲೈಟ್ ಪದರದ ದಪ್ಪ ಸುಮಾರು 40 ಮೈಕ್ರಾನ್, ಒಂದು ಬಿರುಕೂ ಇಲ್ಲದ್ದು.

ಫಲ ಅಸಾಧಾರಣವಾಗಿತ್ತು. ಸುಭಾಷ್ ಸಿಂಘಾಲ್ ಅವರ ಮುಂದಾಳತ್ವದ ವರ್ಷಗಳಲ್ಲಿ ಕೊಳವೆಗಳು ಒಂದೂವರೆ ಮೀಟರ್ ಉದ್ದಕ್ಕೆ ಬೆಳೆದವು. ಪ್ರಯೋಗಾಲಯದಲ್ಲಿ ಬಿಡಿ ಕೊಳವೆ 69,000 ಗಂಟೆಗೂ ಹೆಚ್ಚು ಓಡಿತು. ಸಾವಿರ ಗಂಟೆಗೆ ಅದು ಕಳೆದುಕೊಂಡ ವೋಲ್ಟೇಜು ಶೇಕಡಾ 0.1ಕ್ಕಿಂತ ಕಡಿಮೆ. 1997ರ ಕೊನೆಗೆ ನೆದರ್ಲೆಂಡ್ಸ್‌ನ ಆರ್ನೆಮ್ ಬಳಿಯ ವೆಸ್ಟರ್‌ವೂರ್ಟ್ ಎಂಬಲ್ಲಿ 1,152 ಕೊಳವೆಗಳ 100 ಕಿಲೋವಾಟ್ ಸ್ಥಾವರ ಶುರುವಾಯಿತು. ನೈಸರ್ಗಿಕ ಅನಿಲದ ಶೇಕಡಾ 46ರಷ್ಟು ಶಕ್ತಿ ಅಲ್ಲಿ ವಿದ್ಯುತ್ತಾಯಿತು, ಉಳಿದ ಬಿಸಿಯಲ್ಲಿ ನೀರು ಕಾಯಿಸಿ ಸುತ್ತಲಿನ ಕಟ್ಟಡಗಳಿಗೆ ಹರಿಸಿದರು. 16,000 ಗಂಟೆಗೂ ಹೆಚ್ಚು ಅಲ್ಲಿ ದುಡಿದು, ಬಳಿಕ ಜರ್ಮನಿಯ ಎಸೆನ್‌ಗೆ, ಆಮೇಲೆ ಇಟಲಿಯ ಟ್ಯೂರಿನ್‌ಗೆ ಸ್ಥಳಾಂತರಗೊಂಡು, ಹೋದಲ್ಲೆಲ್ಲ ವಿದ್ಯುತ್ ಕೊಟ್ಟಿತು.

ಆದರೆ ಬೆಲೆ? ಐಸೆನ್‌ಬರ್ಗ್ ವಿಧಾನಕ್ಕೆ ದುಬಾರಿ ನಿರ್ವಾತ ಕುಲುಮೆ ಬೇಕು, ಕೊಳವೆಗಳನ್ನು ಸರದಿಯಂತೆ ಒಳಗಿಟ್ಟು ತೆಗೆಯಬೇಕು. ಕೊಳವೆಯಲ್ಲಿ ವಿದ್ಯುತ್ ಗೋಡೆಯುದ್ದಕ್ಕೂ ಸುತ್ತಿಬಳಸಿ ಹೋಗಬೇಕಾದ್ದರಿಂದ ಕೋಶದ ಗಾತ್ರಕ್ಕೆ ಹೋಲಿಸಿದರೆ ಸಿಗುವ ಶಕ್ತಿ ಕಡಿಮೆ. ಸಾವಿರ ಡಿಗ್ರಿಯಲ್ಲಿ ಉಕ್ಕು ನಿಲ್ಲದೆ, ಕೋಶದಿಂದ ಕೋಶಕ್ಕೆ ಸಂಪರ್ಕ ಕೊಡಲೂ ಲ್ಯಾಂಥನಂ ಕ್ರೋಮೈಟ್ ಎಂಬ ದುಬಾರಿ ಸೆರಾಮಿಕ್ಕೇ ಬೇಕಿತ್ತು. 1998ರಲ್ಲಿ ಈ ವಿಭಾಗ ಸೀಮೆನ್ಸ್ ಪಾಲಾಯಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಟರ್ಬೈನ್ ಜೋಡಿಸಿದ 220 ಕಿಲೋವಾಟ್ ಸ್ಥಾವರ ಸುಮಾರು ಶೇಕಡಾ 53ರ ದಕ್ಷತೆ ತೋರಿಸಿತು. ಆದರೂ 2010ರ ಸುಮಾರಿಗೆ ಸೀಮೆನ್ಸ್ ಅಂಗಡಿ ಮುಚ್ಚಿತು. ಬಾಳಿಕೆಯ ಪರೀಕ್ಷೆಯನ್ನು ಗೆದ್ದ ಕೋಶ ಬೆಲೆಯ ಪರೀಕ್ಷೆಯಲ್ಲಿ ಸೋತಿತು. ಅಷ್ಟು ವರ್ಷಗಳ ಕೈಚಳಕ ಅಲ್ಲಿಗೆ ನಿಂತುಹೋದದ್ದು ನನಗೆ ಈ ಚರಿತ್ರೆಯ ದೊಡ್ಡ ನಷ್ಟವೆಂದೇ ತೋರುತ್ತದೆ.

ಅಷ್ಟರಲ್ಲಿ ಬೇರೆ ಕಡೆ ಕಾವು ಇಳಿಸುವ ಕೆಲಸ ಆರಂಭವಾಗಿತ್ತು. ಸಾವಿರದಿಂದ ಎಂಟುನೂರಕ್ಕೆ ಇಳಿದರೆ ಜಿರ್ಕೋನಿಯಾದಲ್ಲಿ ಅಯಾನುಗಳ ಓಟ ಹಲವು ಪಟ್ಟು ಕುಸಿಯುತ್ತದೆ. ಆ ನಷ್ಟ ತುಂಬಲು ದಾರಿಯನ್ನೇ ಗಿಡ್ಡ ಮಾಡಬೇಕು, ಅಂದರೆ ಪದರ ತೆಳುವಾಗಬೇಕು. ಅದುವರೆಗಿನ ಚಪ್ಪಟೆ ಕೋಶಗಳಲ್ಲಿ ಎಲೆಕ್ಟ್ರೋಲೈಟೇ ಇಡೀ ಕೋಶದ ಭಾರ ಹೊರುತ್ತಿತ್ತು, ನೂರು ಮೈಕ್ರಾನಿಗಿಂತ ತೆಳುವಾದರೆ ಮುರಿಯುತ್ತಿತ್ತು. 1990ರ ದಶಕದಲ್ಲಿ ಜರ್ಮನಿಯ ಯೂಲಿಕ್, ಅಮೆರಿಕದ ಬರ್ಕ್ಲಿ ಮತ್ತು ಯೂಟಾಗಳ ಸಂಶೋಧಕರು ಭಾರವನ್ನು ಆನೋಡಿಗೆ ದಾಟಿಸಿದರು. ನಿಕ್ಕಲ್ ಆಕ್ಸೈಡ್ ಮತ್ತು ಜಿರ್ಕೋನಿಯಾದ ದಪ್ಪ ಹಾಳೆ ಎರೆದು, ಅದರ ಮೇಲೆ ಹತ್ತು ಮೈಕ್ರಾನಿನ ಆಸುಪಾಸಿನ ಎಲೆಕ್ಟ್ರೋಲೈಟ್ ಬಳಿದು, ಎರಡನ್ನೂ ಒಟ್ಟಿಗೆ 1,400 ಡಿಗ್ರಿಯಲ್ಲಿ ಸುಡುವುದು ಅವರ ವಿಧಾನ. ಕೋಶ ಮೊದಲ ಸಲ ಇಂಧನ ಉಂಡಾಗ ನಿಕ್ಕಲ್ ಆಕ್ಸೈಡ್ ತನ್ನ ಆಕ್ಸಿಜನ್ ಕಳೆದುಕೊಂಡು ನಿಕ್ಕಲ್ ಆಗುತ್ತದೆ, ಬಿಟ್ಟ ಜಾಗ ರಂಧ್ರವಾಗಿ ಅನಿಲಕ್ಕೆ ದಾರಿಯಾಗುತ್ತದೆ. ಹಾಳೆ ಎರೆಯುವುದು, ಪರದೆಯ ಮೂಲಕ ಬಳಿಯುವುದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಆಗಲೇ ಚೆನ್ನಾಗಿ ಬಲ್ಲ, ಅಗ್ಗದ ವಿಧಾನಗಳು. ಯೂಟಾ ವಿಶ್ವವಿದ್ಯಾಲಯದ ಅನಿಲ್ ವಿರ್ಕರ್ ಮತ್ತು ಸಂಗಡಿಗರು 1999ರಲ್ಲಿ ಇಂಥ ಕೋಶದಿಂದ 800 ಡಿಗ್ರಿಯಲ್ಲೇ ಚದರ ಸೆಂಟಿಮೀಟರಿಗೆ 1.8 ವಾಟ್ ತೆಗೆದು ತೋರಿಸಿದರು. ಸಾವಿರ ಡಿಗ್ರಿಯ ಕೊಳವೆಗಳಿಂದ ಸಿಗುತ್ತಿದ್ದದ್ದು ಅದರ ಸಣ್ಣ ಪಾಲಷ್ಟೇ.

ಎಂಟುನೂರಕ್ಕೆ ಇಳಿದೊಡನೆ ಉಕ್ಕು ಒಳಬಂತು. ಸೆರಾಮಿಕ್ಕಿನ ಸಂಪರ್ಕ ಫಲಕದ ಜಾಗದಲ್ಲಿ ಸ್ಟೇನ್‌ಲೆಸ್ ಉಕ್ಕಿನ ತಗಡು ಇಟ್ಟು ಕೋಶಗಳನ್ನು ಒಂದರ ಮೇಲೊಂದು ಅಟ್ಟಿಯಾಗಿ ಪೇರಿಸಬಹುದಾಯಿತು. ಈ ಅಟ್ಟಿಗೆ ಸ್ಟ್ಯಾಕ್ ಎನ್ನುತ್ತಾರೆ. ಇಷ್ಟು ವರ್ಷದ ಉತ್ಸಾಹಕ್ಕೆ ದೊಡ್ಡ ಪೆಟ್ಟು ಬಿದ್ದದ್ದೂ ಈ ತಗಡಿನಿಂದಲೇ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಿರುವುದು ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುವುದರಿಂದ. ಈ ಉಷ್ಣತೆಯಲ್ಲಿ, ಗಾಳಿಯ ತೇವದ ಜೊತೆ ಸೇರಿ, ಆ ಪೊರೆ ಬಹು ನಿಧಾನವಾಗಿ ಆವಿಯಾಗುತ್ತದೆ. ಆವಿ ನೇರವಾಗಿ ಗಾಳಿಯ ಬದಿಯ ವಿದ್ಯುದ್ವಾರವಾದ ಕ್ಯಾಥೋಡಿಗೆ ಹೋಗಿ, ಆಕ್ಸಿಜನ್ ಅಯಾನಾಗುವ ಜಾಗಗಳಲ್ಲೇ ಮತ್ತೆ ಘನವಾಗಿ ಕೂರುತ್ತದೆ. ಕೋಶ ಉಸಿರಾಡುವ ಕಡೆಯೇ ಮುಚ್ಚಿಹೋಗುತ್ತದೆ. ಇದಕ್ಕೆ ಕ್ರೋಮಿಯಂ ವಿಷ ಎಂದು ಹೆಸರಾಯಿತು.

ಯೂಲಿಕ್‌ನವರು ಟಿಸೆನ್‌ಕ್ರುಪ್ ಜೊತೆ ಸೇರಿ ಕ್ರೋಫರ್ 22 ಎಪಿಯು ಎಂಬ ಉಕ್ಕನ್ನೇ ಹೊಸದಾಗಿ ರೂಪಿಸಿದರು. ಶೇಕಡಾ 22ರಷ್ಟು ಕ್ರೋಮಿಯಂ, ಜೊತೆಗೆ ಚೂರು ಮ್ಯಾಂಗನೀಸ್, ಟೈಟಾನಿಯಂ, ಲ್ಯಾಂಥನಂ. ಮ್ಯಾಂಗನೀಸಿನಿಂದ ಹೊರಪೊರೆಯ ರಚನೆ ಬದಲಾಗಿ ಕ್ರೋಮಿಯಂ ಆವಿಯಾಗುವುದು ತಗ್ಗುತ್ತದೆ. ಆದರೆ ಈ ಉಕ್ಕಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಇರಲೇಬಾರದು, ಇದ್ದರೆ ವಿದ್ಯುತ್ ತಡೆಯುವ ಪೊರೆ ಬೆಳೆಯುತ್ತದೆ. ಅವನ್ನು ತೆಗೆಯಲು ನಿರ್ವಾತದಲ್ಲಿ ಕರಗಿಸಬೇಕು, ಕರಗಿಸಿದರೆ ಉಕ್ಕು ದುಬಾರಿ. ಹೀಗೆ ಬಾಳಿಕೆ ಹುಡುಕಿ ಹೋದವರು ಮತ್ತೆ ಬೆಲೆಯ ಬಾಗಿಲಿಗೇ ಬಂದು ನಿಂತರು. ಮುಂದಿನ ಅವತಾರವಾದ ಕ್ರೋಫರ್ 22 ಎಚ್‌ನಲ್ಲಿ ಟಂಗ್‌ಸ್ಟನ್ ಮತ್ತು ನಯೋಬಿಯಂ ಸೇರಿಸಿ, ಸಿಲಿಕಾನನ್ನು ಉಕ್ಕಿನ ಒಡಲೊಳಗೇ ಕಟ್ಟಿಹಾಕಿದರು. ಆಗ ಸಾಧಾರಣ ರೀತಿಯಲ್ಲೇ ಕರಗಿಸಬಹುದಾಯಿತು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಇನ್ನೊಂದು ದಾರಿ ಹಿಡಿಯಿತು. ಪೇಟೆಯಲ್ಲಿ ಸಿಗುವ 441 ದರ್ಜೆಯ ಅಗ್ಗದ ಉಕ್ಕನ್ನೇ ತೆಗೆದುಕೊಂಡು, ಅದರ ಮೇಲೆ ಮ್ಯಾಂಗನೀಸ್–ಕೋಬಾಲ್ಟ್ ಆಕ್ಸೈಡಿನ ಲೇಪ ಕೊಟ್ಟು ಕ್ರೋಮಿಯಂ ಹೊರಬರದಂತೆ ಮಾಡಿತು. ಹೆಸರು ಹೊರಗೆ ಯಾರಿಗೂ ಗೊತ್ತಿರದ ಈ ಲೋಹಶಾಸ್ತ್ರಜ್ಞರ ಕೆಲಸವಿಲ್ಲದಿದ್ದರೆ ಇಂದಿನ ಕೋಶಗಳಲ್ಲಿ ಹಲವು ಪೇಟೆಗೆ ಬರುತ್ತಲೇ ಇರಲಿಲ್ಲ.

ಅಪಾಯಗಳು ಇನ್ನೂ ಇದ್ದವು. ಅಂಚು ಮುಚ್ಚುವ ಗಾಜು ಕಾಲಕ್ರಮೇಣ ಹರಳುಗಟ್ಟಿ ಬಿರುಕು ಬಿಡುತ್ತದೆ. ಹೊಸ ಕ್ಯಾಥೋಡಿನಲ್ಲಿರುವ ಸ್ಟ್ರಾಂಷಿಯಂ ಜಿರ್ಕೋನಿಯಾದ ಜೊತೆ ಕೂಡಿ ತಡೆಗೋಡೆಯಾಗುತ್ತದೆ, ಅದಕ್ಕೆ ನಡುವೆ ಸೀರಿಯಾದ (ಸೀರಿಯಂ ಆಕ್ಸೈಡಿನ) ಪದರ ಹಾಕಬೇಕು. ಅನಿಲಕ್ಕೆ ವಾಸನೆ ಬರಲೆಂದು ಬೆರೆಸುವ ಗಂಧಕದ ಸಂಯುಕ್ತ ಕಣದಷ್ಟು ಒಳಹೊಕ್ಕರೂ ನಿಕ್ಕಲ್ ಮಂಕಾಗುತ್ತದೆ. ಇಂಧನ ನಿಂತು ಗಾಳಿ ನುಗ್ಗಿದರೆ ನಿಕ್ಕಲ್ ಮತ್ತೆ ಆಕ್ಸೈಡಾಗಿ ಉಬ್ಬಿ ಕೋಶವನ್ನೇ ಒಡೆಯುತ್ತದೆ.

ಇದೇ ಹೊತ್ತಿಗೆ ಅಮೆರಿಕದ ಇಂಧನ ಇಲಾಖೆ ಸೆಕಾ ಎಂಬ ಒಕ್ಕೂಟ ಕಟ್ಟಿ, ಕಿಲೋವಾಟಿಗೆ 400 ಡಾಲರ್ ಎಂಬ ಗುರಿ ಹಾಕಿತು. ಆ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಪೇಟೆಯ ಬೆಲೆ ಅದರಿಂದ ಎಷ್ಟು ದೂರವಿತ್ತೆಂದು ತಿಳಿಯಲು 2010ರ ಫೆಬ್ರವರಿಯನ್ನು ನೋಡಬೇಕು. ಕೆ. ಆರ್. ಶ್ರೀಧರ್ ಅವರ ಬ್ಲೂಮ್ ಎನರ್ಜಿ ಆಗ ಅಮೆರಿಕದ ಟಿವಿಯಲ್ಲಿ ತನ್ನ ಇಂಧನ ಕೋಶಗಳ ಪೆಟ್ಟಿಗೆಯನ್ನು ಜನರ ಮುಂದಿಟ್ಟಿತು. 100 ಕಿಲೋವಾಟಿನ ಪೆಟ್ಟಿಗೆಗೆ ಏಳೆಂಟು ಲಕ್ಷ ಡಾಲರ್. ಕಿಲೋವಾಟಿನ ಲೆಕ್ಕಕ್ಕೆ ತಂದರೆ ಸೆಕಾ ಗುರಿಯ ಸುಮಾರು ಇಪ್ಪತ್ತು ಪಟ್ಟು.

ಶ್ರೀಧರ್ ಈ ಕೋಶಕ್ಕೆ ಬಂದದ್ದು ಮಂಗಳ ಗ್ರಹದ ದಾರಿಯಿಂದ. ತಿರುಚ್ಚಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಅವರು ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಾಸಾಕ್ಕಾಗಿ ಮಂಗಳದ ಇಂಗಾಲದ ಡೈಆಕ್ಸೈಡಿನಿಂದ ಆಕ್ಸಿಜನ್ ಬೇರ್ಪಡಿಸುವ ಸಾಧನ ಕಟ್ಟುತ್ತಿದ್ದರು. ಅದು ಇಂಧನ ಕೋಶವನ್ನು ತಿರುವುಮುರುವು ಓಡಿಸಿದಂತೆ: ವಿದ್ಯುತ್ ಕೊಟ್ಟು ಆಕ್ಸಿಜನ್ ತೆಗೆಯುವುದು. 2001ಕ್ಕೆಂದು ಗೊತ್ತುಮಾಡಿದ್ದ, ಮಂಗಳದಲ್ಲಿ ಇಳಿಯುವ ನೌಕೆಯ ಯೋಜನೆ ರದ್ದಾದ ಮೇಲೆ ಅದೇ ಜ್ಞಾನವನ್ನು ಮುಮ್ಮುಖ ತಿರುಗಿಸಿ 2001ರಲ್ಲಿ ಕಂಪನಿ ತೆರೆದರು. ಮಂಗಳದ ಕನಸು ಬೇರೆಯವರ ಕೈಯಲ್ಲಿ ಕೈಗೂಡಿತು. ಸಾಲ್ಟ್ ಲೇಕ್ ಸಿಟಿಯ ಸೆರಾಮಟೆಕ್ ಮಾಡಿದ ಜಿರ್ಕೋನಿಯಾ ಕೋಶಗಳು ಪರ್ಸಿವಿಯರೆನ್ಸ್ ನೌಕೆಯ ಮಾಕ್ಸಿ ಉಪಕರಣದೊಳಗೆ ಕುಳಿತು, 2021ರ ಏಪ್ರಿಲ್ 20ರಂದು ಮಂಗಳದಲ್ಲಿ 5.4 ಗ್ರಾಂ ಆಕ್ಸಿಜನ್ ಮಾಡಿದವು. 2023ರ ವೇಳೆಗೆ 16 ಸಲ ಓಡಿ ಒಟ್ಟು 122 ಗ್ರಾಂ. ಪ್ರತಿ ಸಲವೂ ಮಂಗಳದ ಕೊರೆಯುವ ಚಳಿಯಿಂದ 800 ಡಿಗ್ರಿಗೆ ಏರಿ ಮತ್ತೆ ತಣಿಯಬೇಕಿತ್ತು. ಕಾದು ತಣಿಯುವ ಹಿಂಸೆಗೆ ಸೆರಾಮಿಕ್ ತಡೆಯದು ಎನ್ನುವವರಿಗೆ ಇದು ಒಳ್ಳೆಯ ಉತ್ತರ.

ಜಪಾನಿನವರು ಆ ಹಿಂಸೆಯನ್ನೇ ತಪ್ಪಿಸಿದರು. 2012ರಲ್ಲಿ ಒಸಾಕಾ ಗ್ಯಾಸ್, ಕ್ಯೋಸೆರಾ, ಐಸಿನ್, ಟೊಯೋಟಾ ಸೇರಿ ಎನೆಫಾರ್ಮ್ ಟೈಪ್ ಎಸ್ ಎಂಬ 700 ವಾಟಿನ ಮನೆಬಳಕೆಯ ಘಟಕ ತಂದರು. ಮನೆಯ ಗ್ಯಾಸ್ ಕೊಳವೆಗೆ ಜೋಡಿಸಿದರೆ ವಿದ್ಯುತ್ತೂ ಉಂಟು, ಸ್ನಾನದ ಬಿಸಿನೀರೂ ಉಂಟು. ಹಿಂದಿನ ವರ್ಷದ ಭೂಕಂಪ ಮತ್ತು ಅಣುಸ್ಥಾವರದ ದುರಂತದ ಬಳಿಕ ಮನೆಯಲ್ಲೇ ವಿದ್ಯುತ್ ಮಾಡಿಕೊಳ್ಳುವ ಮಾತಿಗೆ ಅಲ್ಲಿ ತೂಕ ಬಂದಿತ್ತು. ಕೋಶವನ್ನು ಹಗಲು ರಾತ್ರಿ ನಿಲ್ಲಿಸದೆ ಓಡಿಸುವಂತೆಯೇ ಘಟಕವನ್ನು ರೂಪಿಸಿದ್ದರು, ಬೇಡಿಕೆ ಇಳಿದಾಗ ಉತ್ಪಾದನೆ ತಗ್ಗಿಸಿದರಾಯಿತು. ಕ್ಯೋಸೆರಾದ ಕೋಶ ಚಪ್ಪಟೆ ಕೊಳವೆಯ ಆಕಾರದ್ದು, ಎರಡೂ ಬಗೆಯ ಅನುಕೂಲ ಸೇರಿಸಿಕೊಂಡದ್ದು. ಮೊದಲ ಬೆಲೆ ಸುಮಾರು 27.5 ಲಕ್ಷ ಯೆನ್, ಸರ್ಕಾರದ ಸಹಾಯಧನ ಇಲ್ಲದೆ ಯಾರೂ ಕೊಳ್ಳುವಂತಿರಲಿಲ್ಲ. ಸಹಾಯಧನ ವರ್ಷ ವರ್ಷ ಇಳಿಯುತ್ತ, ಬೆಲೆಯೂ ಇಳಿಯುತ್ತ ಬಂತು. ವಿದ್ಯುತ್ ದಕ್ಷತೆ ಶೇಕಡಾ 46.5ರಿಂದ 2020ರ ಮಾದರಿಯಲ್ಲಿ 55ಕ್ಕೆ ಏರಿತು. ಮನೆಮನೆಯ ಗೋಡೆ ಪಕ್ಕ ಹತ್ತು ವರ್ಷ ನಿಲ್ಲಬೇಕೆಂಬ ಒತ್ತಡ ಜಪಾನಿನ ಎಂಜಿನಿಯರುಗಳಿಗೆ ಕಲಿಸಿದಷ್ಟನ್ನು ಯಾವ ಪ್ರಯೋಗಾಲಯವೂ ಕಲಿಸಲಿಲ್ಲ ಎಂದು ನಾನು ನಂಬುತ್ತೇನೆ.

ಪ್ರಯೋಗಾಲಯಗಳಲ್ಲಿ ತಾಳ್ಮೆಗೆ ಹೆಸರಾದದ್ದು ಯೂಲಿಕ್. 2007ರ ಆಗಸ್ಟಿನಲ್ಲಿ ಅಲ್ಲಿ ಎರಡೇ ಕೋಶಗಳ ಪುಟ್ಟ ಸ್ಟ್ಯಾಕ್ ಒಂದನ್ನು 700 ಡಿಗ್ರಿಯಲ್ಲಿ ಓಡಲು ಬಿಟ್ಟರು. ಅದನ್ನು ತಣಿಸಿದ್ದು 2019ರ ಜನವರಿಯಲ್ಲಿ, ಒಂದು ಲಕ್ಷ ಗಂಟೆ ದಾಟಿದ ಮೇಲೆ. ಅದರಲ್ಲಿ 93,000 ಗಂಟೆ ಅದು ನಿಜವಾಗಿ ವಿದ್ಯುತ್ ಕೊಡುತ್ತಿತ್ತು. ಕೆಟ್ಟುಹೋಯಿತೆಂದು ನಿಲ್ಲಿಸಿದ್ದಲ್ಲ, ಒಳಗೆ ಏನಾಗಿದೆಯೆಂದು ಬಿಚ್ಚಿ ನೋಡಲು ತಾವೇ ನಿಲ್ಲಿಸಿದರು. ಈ ದಾಖಲೆಯನ್ನು ಹೊಗಳುವಾಗ ಇನ್ನೊಂದು ಅಂಕಿಯನ್ನೂ ಹೇಳಬೇಕು. ಅದು ಸಾವಿರ ಗಂಟೆಗೆ ಸರಾಸರಿ ಶೇಕಡಾ 0.5ರಷ್ಟು ವೋಲ್ಟೇಜು ಕಳೆದುಕೊಂಡಿತು. ಒಂದು ವರ್ಷಕ್ಕೆ 8,760 ಗಂಟೆ. ಆ ದರದಲ್ಲಿ ಐದು ವರ್ಷಕ್ಕೆ ಐದನೇ ಒಂದು ಪಾಲು ಹೋಗುತ್ತದೆ, ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ. ವ್ಯಾಪಾರಕ್ಕೆ ಇಳಿಯುವವರು ಸಾವಿರ ಗಂಟೆಗೆ 0.2 ಅಥವಾ ಅದಕ್ಕೂ ಕಡಿಮೆ ಎಂದು ಪಟ್ಟುಹಿಡಿಯುವುದು ಈ ಲೆಕ್ಕದಿಂದಲೇ. ಪ್ರತಿ ಐದು ವರ್ಷಕ್ಕೆ ಸ್ಟ್ಯಾಕ್ ಬದಲಿಸಬೇಕೆಂದರೆ ಕೊಳ್ಳುವ ಬೆಲೆಗೆ ಬದಲಿಸುವ ಬೆಲೆಯೂ ಕೂಡಿಕೊಳ್ಳುತ್ತದೆ.

ಇನ್ನೂ ಕೆಳಕ್ಕೆ ಇಳಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಬ್ರಯನ್ ಸ್ಟೀಲ್. ಅವರು ಜಿರ್ಕೋನಿಯಾವನ್ನೇ ಬದಿಗಿಟ್ಟು, ಗ್ಯಾಡೊಲಿನಿಯಂ ಬೆರೆಸಿದ ಸೀರಿಯಂ ಆಕ್ಸೈಡ್ ಆರಿಸಿಕೊಂಡರು. 500ರಿಂದ 600 ಡಿಗ್ರಿಯಲ್ಲೇ ಅದರಲ್ಲಿ ಅಯಾನುಗಳು ಚೆನ್ನಾಗಿ ಓಡುತ್ತವೆ. ಅದಕ್ಕಿಂತ ಹೆಚ್ಚು ಕಾದರೆ ಇಂಧನದ ಬದಿಯಲ್ಲಿ ಸೀರಿಯಂ ಸ್ವಭಾವ ಬದಲಿಸಿ ಎಲೆಕ್ಟ್ರಾನುಗಳಿಗೂ ದಾರಿ ಬಿಡುತ್ತದೆ, ಕೋಶದೊಳಗೇ ವಿದ್ಯುತ್ ಸೋರುತ್ತದೆ. ಹಾಗಾಗಿ ಕಡಿಮೆ ಕಾವು ಇಲ್ಲಿ ಅನಿವಾರ್ಯವೂ ಹೌದು, ವರವೂ ಹೌದು. ಆ ಕಾವಿನಲ್ಲಿ ಇಡೀ ಕೋಶವನ್ನು ಸಣ್ಣ ರಂಧ್ರ ಕೊರೆದ ಉಕ್ಕಿನ ತಗಡಿನ ಮೇಲೆಯೇ ಕಟ್ಟಬಹುದು, ಅಂಚನ್ನು ಬೆಸುಗೆ ಹಾಕಬಹುದು. ಈ ಕೆಲಸದಿಂದ 2001ರಲ್ಲಿ ಸೆರೆಸ್ ಪವರ್ ಹುಟ್ಟಿತು. ಸ್ಟೀಲ್ 2003ರಲ್ಲಿ ತೀರಿಕೊಂಡರು. ಸೆರೆಸ್ ಸ್ವತಃ ಕಾರ್ಖಾನೆ ಹಾಕುವ ಬದಲು ತನ್ನ ವಿದ್ಯೆಯನ್ನು ದೊಡ್ಡ ಕಂಪನಿಗಳಿಗೆ ಪರವಾನಗಿಯಾಗಿ ಕೊಡುತ್ತ ಬಂತು.

2025ರಲ್ಲಿ ಈ ಎಳೆಗಳೆಲ್ಲ ಒಮ್ಮೆಲೇ ಬಿಗಿಗೊಂಡವು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ವಿದ್ಯುತ್ ಜಾಲದ ಸಂಪರ್ಕ ಸಿಗಲು ವರ್ಷಗಟ್ಟಲೆ ಕಾಯಬೇಕಾಗಿ ಬಂದಾಗ, ಅಂಗಳದಲ್ಲೇ ನಿಲ್ಲಿಸಬಹುದಾದ ಕೋಶಗಳಿಗೆ ಗಿರಾಕಿ ಹೆಚ್ಚಿತು. ಅಕ್ಟೋಬರಿನಲ್ಲಿ ಬ್ರೂಕ್‌ಫೀಲ್ಡ್ ಸಂಸ್ಥೆ ಬ್ಲೂಮ್ ಜೊತೆ 500 ಕೋಟಿ ಡಾಲರಿನ ಒಪ್ಪಂದ ಪ್ರಕಟಿಸಿತು. ಇವು ನೈಸರ್ಗಿಕ ಅನಿಲವನ್ನೇ ಉಣ್ಣುವಷ್ಟು ದಿನ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಲೇ ಇರುತ್ತದೆ ಎಂಬುದನ್ನು ಈ ಸಂಭ್ರಮದಲ್ಲಿ ಮರೆಯಬಾರದು. ಅದೇ ವರ್ಷ ಏಪ್ರಿಲಿನಲ್ಲಿ ಚೀನಾ ಯಿಟ್ರಿಯಂ, ಸ್ಕ್ಯಾಂಡಿಯಂ, ಗ್ಯಾಡೊಲಿನಿಯಂಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿತು. ಮೂರೂ ಈ ಕೋಶಗಳಿಗೆ ಬೇಕಾದವು. ಪದರ ತೆಳುವಾದಷ್ಟೂ ಈ ಮೂಲವಸ್ತು ಕಡಿಮೆ ಸಾಕು, ಆದ್ದರಿಂದ ಹತ್ತು ಮೈಕ್ರಾನಿನ ಹಳೆಯ ಹಟಕ್ಕೆ ಈಗ ಹೊಸ ಕಾರಣವೊಂದು ಸಿಕ್ಕಿದೆ. ಸೆರೆಸ್ ವಿದ್ಯೆಯ ಮೇಲೆ ವರ್ಷಗಳಿಂದ ಹಣ ಹೂಡಿದ್ದ ಬಾಷ್ ಆ ವರ್ಷವೇ ಹಿಂದೆ ಸರಿಯಿತು. ದಕ್ಷಿಣ ಕೊರಿಯಾದ ಡೂಸಾನ್ ಮುಂದೆ ಬಂದು ಜುಲೈನಲ್ಲಿ ಅದೇ ಉಕ್ಕಿನ ತಗಡಿನ ಕೋಶಗಳ ದೊಡ್ಡ ಪ್ರಮಾಣದ ತಯಾರಿಕೆ ಶುರುಮಾಡಿತು. ಅವು ಯೂಲಿಕ್‌ನ ಎರಡು ಕೋಶಗಳ ಹಾಗೆ ಒಂದು ಲಕ್ಷ ಗಂಟೆ ಓಡಿ ತೋರಿಸಬೇಕಾದರೆ 2036ರ ಕೊನೆ ಬರಬೇಕು.